ದಾರದ ಮೇಸ್ತ್ರಿಯ ಬಲಗಣ್ಣು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಹೇಳಿ ಜನ ಕುಣಿಯುವವಳನ್ನು ನೋಡಿ ನಗುತ್ತಾರೆ. ನೆಲ ಹಾಕಿದವನನ್ನು ಕರೆದು ಕೇಳಿದವರು ಯಾರೂ ಇಲ್ಲ. ಹಾಕಿದವನೇ ಎದ್ದು ನಿಂತು ನೆಲ ಡೊಂಕು ಅಂದುಬಿಟ್ಟರೆ ಏನು ಮಾಡಬೇಕು ಎಂಬುದಕ್ಕಂತೂ ಗಾದೆಯೇ ಇಲ್ಲ. ದಾರದ ಮೇಸ್ತ್ರಿಯ ಸಂಸಾರಕ್ಕೆ ಅಂಥದೊಂದು ದಿನ ಬಂತು.

ಅವನು ಟೈಲ್ಸ್ ಹಾಕುವವನು. ಉಳಿದ ಮೇಸ್ತ್ರಿಗಳು ಗೋಡೆಯಿಂದ ಗೋಡೆಗೆ ದಾರ ಬಿಗಿದು ಅದರ ಗುಂಟ ಕಲ್ಲು ಕೂರಿಸಿದರೆ, ಇವನು ದಾರವನ್ನು ಜೇಬಿನಲ್ಲೇ ಬಿಟ್ಟು ನೆಲಕ್ಕೆ ಕೆನ್ನೆ ಹಚ್ಚುತ್ತಿದ್ದ. ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ಸಂದಿಯ ಗೆರೆಯನ್ನು ಆ ತುದಿಯವರೆಗೆ ನೋಡಿ, “ಆ ಕಿಟಕಿ ಹತ್ತಿರದ್ದು ಒಂದು ಕೂದಲಷ್ಟು ಆಚೆ ತಳ್ಳು,” ಅನ್ನುತ್ತಿದ್ದ. ಅನುಮಾನದವರು ಆಮೇಲೆ ದಾರ ಹಿಡಿದು ನೋಡಿದರೆ ಎಲ್ಲವೂ ಸರಿಯಾಗಿರುತ್ತಿತ್ತು. ‘ದಾರ ಬೇಡದ ಮೇಸ್ತ್ರಿ’ ಎಂದು ಹೆಸರು ಬಿತ್ತು. ಜನರ ಬಾಯಿಗೆ ಅಷ್ಟುದ್ದ ತಾಳಲಿಲ್ಲ. ‘ಬೇಡದ’ ಸವೆದುಹೋಗಿ ‘ದಾರದ ಮೇಸ್ತ್ರಿ’ ಉಳಿಯಿತು. ಹೀಗೆ ದಾರ ಮುಟ್ಟದವನಿಗೇ ದಾರದ ಹೆಸರು ಅಂಟಿಕೊಂಡಿತು.

ಆ ಹೆಸರಿನ ಜಂಬ ಅವನಿಗಿಂತ ಅವನ ಹೆಂಡತಿಗೆ ಒಂದು ತೂಕ ಹೆಚ್ಚು. ಅವಳದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಕೆಲಸ. ಒಗೆದು ಬಂದ ಹಾಸಿಗೆ ಹೊದಿಕೆಗಳನ್ನು ಇಸ್ತ್ರಿ ಮಾಡಿ ಮಡಚಿಡುವುದು. ಜೊತೆಯವರ ಮುಂದೆ, “ನಾನು ಬಟ್ಟೆ ಸುಕ್ಕು ತೆಗೀತೀನಿ, ನಮ್ಮವರು ನೆಲದ ಸುಕ್ಕು ತೆಗೀತಾರೆ. ಸುಕ್ಕು ಉಳಿದಿರೋದು ನಮ್ಮಿಬ್ಬರ ಮುಖದಲ್ಲೇ,” ಎಂದು ನಗಿಸುತ್ತಿದ್ದಳು. ಮಕ್ಕಳಾಗಿರಲಿಲ್ಲ. ಆ ಮಾತು ಬಂದಾಗ ಮಾತ್ರ ಅವಳ ನಾಲಿಗೆ ಸುಮ್ಮನಾಗುತ್ತಿತ್ತು. ಅವಳ ಅಕ್ಕರೆಯೆಲ್ಲ ಇಬ್ಬರ ಪಾಲಿಗೆ ಹೋಗಿತ್ತು: ಒಬ್ಬ ಗಂಡ, ಇನ್ನೊಬ್ಬ ತಮ್ಮ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಅವನು ಅದೇ ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ.

ನೆಲ ಹಾಕುವವನ ಬದುಕು ಮಂಡಿಯ ಮೇಲೆ ನಿಂತಿರುತ್ತದೆ. ಬೇರೆಯವರಿಗೆ ಕೂದಲು ಮೊದಲು ನೆರೆತರೆ ಇವರಿಗೆ ಮಂಡಿ ಮೊದಲು ನೆರೆಯುತ್ತದೆ. ನಲವತ್ತು ದಾಟುವ ಹೊತ್ತಿಗೆ ಮೇಸ್ತ್ರಿಯ ಎರಡೂ ಮಂಡಿ ಊದಿಕೊಂಡು, ಬೆಳಿಗ್ಗೆ ಗೋಡೆ ಹಿಡಿಯದೆ ಏಳಲಾಗದ ಸ್ಥಿತಿ ಬಂತು. ಆಗ ತಮ್ಮನೇ ಒಂದು ದೊಡ್ಡ ಡಬ್ಬದಿಂದ ಚಿಕ್ಕ ಬಿಳಿ ಗುಳಿಗೆಗಳನ್ನು ಎಣಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ಅಕ್ಕನ ಕೈಗೆ ಕೊಟ್ಟ.

“ದಿನಾ ಕೊಡು. ಏನೂ ಆಗಲ್ಲ. ಭಾವ ಕುದುರೆ ಥರ ಓಡಾಡ್ತಾರೆ ನೋಡ್ತಿರು.”

ನಿಜಕ್ಕೂ ಓಡಾಡಿದ. ವಾರದೊಳಗೆ ಊತ ಇಳಿಯಿತು, ಹಸಿವು ಹೆಚ್ಚಿತು, ಸಂಜೆ ಹೊತ್ತಿಗೂ ಸುಸ್ತು ಕಾಣಿಸದಾಯಿತು. ಪೊಟ್ಟಣ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಕೆಲಸದಿಂದ ಬಂದವನಿಗೆ ಚಹಾದ ಜೊತೆ ಆ ಗುಳಿಗೆಯನ್ನು ಅಂಗೈಗೆ ಹಾಕುವುದು ಹೆಂಡತಿಗೆ ದೀಪ ಹಚ್ಚಿದಷ್ಟೇ ಸಹಜವಾಯಿತು. ಒಂದೆರಡು ವರ್ಷದಲ್ಲಿ ಅವನ ಕೆನ್ನೆ ತುಂಬಿ ಮುಖ ದುಂಡಗಾಯಿತು. ಅದು ತನ್ನ ಕೈಯಡುಗೆಯ ಗುಣ ಎಂದು ಅವಳು ಹಿಗ್ಗಿದಳು. ಹಿಗ್ಗಿದ್ದಕ್ಕೆ ಅವಳನ್ನು ಬೈಯುವ ಹಾಗಿಲ್ಲ, ದುಂಡು ಮುಖ ಕಂಡರೆ ಯಾವ ಹೆಂಡತಿಯಾದರೂ ಹಿಗ್ಗುತ್ತಾಳೆ.

ಆ ದಿನ ಮೇಸ್ತ್ರಿ ನಿವೃತ್ತ ಟೀಚರಮ್ಮನೊಬ್ಬಳ ಹೊಸ ಮನೆಯ ಹಾಲಿನಲ್ಲಿದ್ದ. ಹಿಂದಿನ ದಿನ ಹಾಕಿದ ಕಲ್ಲು ಕೂತಿತ್ತು, ಸಂದಿಗೆ ಬಿಳಿ ಸಿಮೆಂಟು ತುಂಬುವುದಷ್ಟೇ ಬಾಕಿ. ವಾಡಿಕೆಯಂತೆ ಕೆನ್ನೆ ನೆಲಕ್ಕೆ ಹಚ್ಚಿ ಎಡಗಣ್ಣು ಮುಚ್ಚಿದ. ಗೆರೆ ನಡುವೆ ಹೊಟ್ಟೆ ಬಿಟ್ಟಿತ್ತು. ಕಣ್ಣು ಉಜ್ಜಿ ಮತ್ತೆ ನೋಡಿದ. ಹೊಟ್ಟೆ ಹಾಗೇ ಇತ್ತು.

“ಇದನ್ನು ಯಾರು ಮುಟ್ಟಿದ್ದು? ಕಿತ್ತು ಹಾಕು ಇಡೀ ಸಾಲು!”

ಅವನ ಜೊತೆ ಸಿಮೆಂಟು ಕಲಸುತ್ತಿದ್ದವನು ಅವನಿಗಿಂತ ವಯಸ್ಸಾದ ಆಳು. ಅವನಿಗೆ ಗೆರೆ ನೇರವಾಗೇ ಕಾಣುತ್ತಿತ್ತು. ಆದರೆ ದಾರದ ಮೇಸ್ತ್ರಿ ಡೊಂಕು ಅಂದ ಮೇಲೆ ಮುಗಿಯಿತು. ತನ್ನ ಕಣ್ಣೇ ಮಂಜಾಗಿರಬೇಕು ಎಂದುಕೊಂಡು ಸುತ್ತಿಗೆ ಎತ್ತಿದ. ಸರಿಯಾಗಿದ್ದ ನೆಲವನ್ನು ಒಡೆದು, ಸಂಜೆವರೆಗೂ ಕೂತು, ಮೇಸ್ತ್ರಿಯ ಬಲಗಣ್ಣಿಗೆ ನೇರ ಕಾಣುವ ತನಕ ಒಂದೊಂದನ್ನೇ ತಳ್ಳಿ ಕೂರಿಸಿದರು. ಟೀಚರಮ್ಮ ಬಂದು ನೋಡಿದಳು. “ಇದೇನು ಮೇಸ್ತ್ರಿ, ನೆಲ ಹೀಗೆ ಸೊಟ್ಟಗಿದೆ?” ಎಂದು ತನ್ನ ಹೆಣಿಗೆಯ ಉಣ್ಣೆ ದಾರವನ್ನೇ ತಂದು ಗೋಡೆಯಿಂದ ಗೋಡೆಗೆ ಬಿಗಿಯಾಗಿ ಹಿಡಿಸಿದಳು. ಮೇಸ್ತ್ರಿ ಮಲಗಿ ನೋಡಿದ.

“ನೆಲ ಸರಿಯಾಗಿದೆ ಅಮ್ಮ. ನಿಮ್ಮ ದಾರ ಬಾಗಿದೆ.”

ಬಿಗಿದ ದಾರ ಬಾಗುತ್ತದೆಯೇ? ಟೀಚರಮ್ಮ ತಮಾಷೆ ಅಂದುಕೊಂಡು ನಕ್ಕಳು. ಕಲಸುವ ಆಳು ನಗಲಿಲ್ಲ. ಕರಣೆ ತೊಳೆದಿಟ್ಟು ನೇರ ಹೋಟೆಲಿನ ಹಿಂಬಾಗಿಲಿಗೆ ಹೋಗಿ, ಕೆಲಸ ಮುಗಿಸಿ ಹೊರಬಂದ ಮೇಸ್ತ್ರಿಯ ಹೆಂಡತಿಗೆ ಎಲ್ಲವನ್ನೂ ಹೇಳಿದ.

ಮನೆಯಲ್ಲಿ ಅವಳು ಗಂಡನನ್ನು ಬಾಗಿಲಿಗೆ ಎದುರಾಗಿ ಕೂರಿಸಿ, ಎಡಗಣ್ಣಿನ ಮೇಲೆ ತನ್ನ ಅಂಗೈ ಮುಚ್ಚಿದಳು.

“ಬಾಗಿಲು ಹೇಗಿದೆ?”

“ಚೌಕಟ್ಟು ನಡುವೆ ಬಳುಕಿದೆ.”

“ನಾನು?”

“ನಿನ್ನ ಮುಖದ ಮಧ್ಯೆ ಒದ್ದೆ ಕಲೆ ಕೂತಿದೆ ಕಣೆ. ಮೂಗೇ ಕಾಣ್ತಿಲ್ಲ.”

“ಒಳ್ಳೇದಾಯ್ತು ಬಿಡಿ, ಮದುವೆ ಆದಾಗಿಂದ ಆ ಮೂಗನ್ನೇ ಆಡ್ಕೋತಿದ್ರಿ.” ಅವನು ನಗಲಿಲ್ಲ. ಅವಳು ಅಂಗೈ ತೆಗೆದಳು. ಎರಡೂ ಕಣ್ಣು ಬಿಟ್ಟರೆ ಎಡಗಣ್ಣು ಬಲಗಣ್ಣಿನ ತಪ್ಪನ್ನು ಮುಚ್ಚಿಬಿಡುತ್ತಿತ್ತು. ಎಷ್ಟು ತಿಂಗಳಿಂದ ಹೀಗಿತ್ತೋ ಯಾರಿಗೆ ಗೊತ್ತು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಯಂತ್ರದೊಳಗೆ ಅವನ ಗದ್ದ ಇರಿಸಿ ಚಿತ್ರ ತೆಗೆದಳು. ಕಣ್ಣಿನ ಹಿಂಭಾಗದ ಪರದೆಯ ಕೆಳಗೆ ನೀರು ಸೋರಿ ಪರದೆ ಉಬ್ಬಿದೆ ಎಂದು ತೋರಿಸಿದಳು. ಮೇಸ್ತ್ರಿಗೆ ಅದು ಮೊದಲ ಮಾತಿಗೇ ಅರ್ಥವಾಯಿತು. “ಟೈಲ್ಸ್ ಕೆಳಗೆ ನೀರು ನಿಂತ್ರೆ ನೆಲ ಏಳುತ್ತಲ್ಲ, ಹಾಗೆ.”

“ಹಾಗೇ. ಬಹಳ ಜನಕ್ಕೆ ತಾನಾಗೇ ಆರುತ್ತೆ. ನಿದ್ದೆ ಚೆನ್ನಾಗಿ ಮಾಡಿ, ಚಿಂತೆ ಕಮ್ಮಿ ಮಾಡಿ. ಔಷಧಿ ಏನಾದ್ರೂ ತಗೊಳ್ತಿದ್ದೀರಾ?”

“ಇಲ್ಲ.”

“ಅವರಿಗೆ ಯಾವ ಕಾಯಿಲೆನೂ ಇಲ್ಲ ಡಾಕ್ಟ್ರೇ,” ಎಂದು ಹೆಂಡತಿಯೂ ಸೇರಿಸಿದಳು.

ಇಬ್ಬರೂ ಸುಳ್ಳು ಹೇಳಲಿಲ್ಲ. ಔಷಧಿ ಅಂದರೆ ಕಾಯಿಲೆಗೆ ತಗೊಳ್ಳುವುದು. ಮಂಡಿನೋವು ಕಾಯಿಲೆಯಲ್ಲ, ಕಸುಬು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ತಮ್ಮನ ಅಂಗಡಿಯ ಗುಳಿಗೆಯೂ ಹಾಗೇ ಮದ್ದಾಗಿರಲಿಲ್ಲ. ಡಾಕ್ಟರಮ್ಮ ‘ಔಷಧಿ ಇಲ್ಲ’ ಎಂದು ಬರೆದುಕೊಂಡಳು.

ತಿಂಗಳುಗಳು ಹೋದವು, ನೀರು ಹೋಗಲಿಲ್ಲ. ಡಾಕ್ಟರಮ್ಮ ಈಗ ಬೆಳಕಿನ ಚಿಕಿತ್ಸೆಯ ಮಾತು ತೆಗೆದಳು. ಕೈಯ ನರಕ್ಕೆ ಒಂದು ಮದ್ದು ಹನಿಹನಿಯಾಗಿ ಏರಿಸುತ್ತಾರೆ. ಆ ಮದ್ದು ತನ್ನಷ್ಟಕ್ಕೆ ಏನೂ ಮಾಡದು. ಕಣ್ಣೊಳಗೆ ಸೋರುವ ಜಾಗದ ಮೇಲೆ ಒಂದು ಬಗೆಯ ತಣ್ಣನೆ ಬೆಳಕು ಬಿಟ್ಟಾಗ ಅಲ್ಲಿ ಮಾತ್ರ ಎಚ್ಚೆತ್ತು ಸೋರಿಕೆ ಮುಚ್ಚುತ್ತದೆ.

“ಇದರಿಂದ ಏನೂ ಆಗಲ್ಲ ತಾನೆ?” ಎಂದಳು ಹೆಂಡತಿ.

“ಏನೂ ಆಗಲ್ಲ ಅಂತ ಯಾವ ಚಿಕಿತ್ಸೆಗೂ ಹೇಳೋಕಾಗಲ್ಲಮ್ಮ. ಮದ್ದು ಏರಿಸುವಾಗ ಕೆಲವರಿಗೆ ಸೊಂಟ ನೋವು ಬರುತ್ತೆ. ಕೆಲವು ದಿನ ದೃಷ್ಟಿ ಇನ್ನಷ್ಟು ಮಂಜಾಗಬಹುದು. ತೀರಾ ಅಪರೂಪಕ್ಕೆ ದೃಷ್ಟಿ ಇಳಿದದ್ದೂ ಇದೆ. ಮದ್ದು ಮೈಯಲ್ಲಿ ಇರೋವಷ್ಟು ದಿನ ಬಿಸಿಲಿಗೆ ಹೋದ್ರೆ ಚರ್ಮ ಸುಡುತ್ತೆ. ಅದಕ್ಕೇ ನಾವು ಅರ್ಧ ಪ್ರಮಾಣ ಕೊಡ್ತೀವಿ. ತೊಂದರೆ ಕಮ್ಮಿ, ಕೆಲಸ ಅಷ್ಟೇ ಚೆನ್ನಾಗಿ ಆಗುತ್ತೆ.”

ನಿಜ ಹೇಳುವವರ ಪಾಡೇ ಇಷ್ಟು. ಡಾಕ್ಟರಮ್ಮ ಇದ್ದದ್ದನ್ನು ಇದ್ದಹಾಗೆ ಹೇಳಿದ್ದು ಗಂಡಹೆಂಡತಿ ಇಬ್ಬರ ಕಿವಿಗೂ ಬೆದರಿಕೆಯ ಹಾಗೆ ಕೇಳಿತು. ಅವಳು ಕೊಟ್ಟ ಮಾಹಿತಿಯ ಚೀಟಿಯನ್ನು ಹಿಡಿದುಕೊಂಡು ಇಬ್ಬರೂ ತಮ್ಮನ ಅಂಗಡಿಗೆ ಬಂದರು. ಅವನು ಕನ್ನಡಕ ಏರಿಸಿ, ಚೀಟಿಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಉದ್ದಕ್ಕೆ ಬಿಡಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದ. ಓದುತ್ತಾ ಓದುತ್ತಾ ಅವನ ತಲೆ ಅಡ್ಡಡ್ಡ ಆಡತೊಡಗಿತು.

“ಇಷ್ಟುದ್ದ ಬರೆದಿದ್ದಾರೆ ಅಂದ್ರೇನೇ ತಿಳ್ಕೋ ಅಕ್ಕ. ಹೊರಗೆ ಹೋದ್ರೆ ಮೈ ಸುಡುತ್ತಂತೆ! ಅದೂ ಅರ್ಧ ಡೋಸು. ಯಾಕೆ ಅರ್ಧ? ಅವರಿಗೇ ಹೆದರಿಕೆ. ದುಡ್ಡು ಪೂರ್ತಿ, ಮದ್ದು ಅರ್ಧ! ನಾನು ಭಾವನಿಗೆ ಕೊಡ್ತೀನಲ್ಲ, ಅದಕ್ಕೆ ಇಂಥ ಚೀಟಿ ಎಲ್ಲಾದ್ರೂ ನೋಡಿದ್ದೀರಾ?”

ನೋಡಿರಲಿಲ್ಲ. ಡಬ್ಬದಿಂದ ಎಣಿಸಿ ಕೊಡುವ ಗುಳಿಗೆಗೆ ಚೀಟಿ ಎಲ್ಲಿಂದ ಬರಬೇಕು? ಚೀಟಿ ಇದ್ದ ಮದ್ದಿಗೆ ಹೆದರಿದರು, ಚೀಟಿ ಇಲ್ಲದ್ದನ್ನು ಅವತ್ತು ಸಂಜೆಯೂ ಚಹಾದ ಜೊತೆ ನುಂಗಿದರು. ತಮ್ಮ ಕೆಟ್ಟವನೆಂದು ಹೇಳಲಾರೆ. ಭಾವನ ಮೇಲೆ ಅವನಿಗೆ ನಿಜವಾದ ಪ್ರೀತಿ ಇತ್ತು. ಅರೆಬರೆ ತಿಳಿದವನ ಪ್ರೀತಿ ಪೂರ್ತಿ ತಿಳಿದವನ ದ್ವೇಷಕ್ಕಿಂತ ಹೆಚ್ಚು ಮನೆ ಹಾಳುಮಾಡುತ್ತದೆ, ಅಷ್ಟೆ.

ಆಸ್ಪತ್ರೆಗೆ ಹೋಗುವುದು ಮುಂದಿನ ತಿಂಗಳಿಗೆ ಹೋಯಿತು, ಆಮೇಲೆ ಮಳೆ ಮುಗಿಯಲಿ ಅಂದರು, ಆಮೇಲೆ ಈ ಒಂದು ಕೆಲಸ ಮುಗಿಯಲಿ ಅಂದರು. ವರ್ಷವೇ ಉರುಳಿತು. ಈ ನಡುವೆ ಮೇಸ್ತ್ರಿ ದಾರ ಕಟ್ಟತೊಡಗಿದ್ದ. ಅವನು ಜೇಬಿನಿಂದ ದಾರ ತೆಗೆದ ಮೊದಲ ದಿನ ಉಳಿದ ಕೆಲಸಗಾರರು ಗೋಡೆ ಕಡೆ ಮುಖ ತಿರುಗಿಸಿಕೊಂಡರಂತೆ. ನಗಲಿಕ್ಕಲ್ಲ, ನೋಡಲಾಗದೆ. ದಾರ ಕಟ್ಟಿದರೂ ಕಣ್ಣು ಬಾಗಿಸಿ ತೋರಿಸುವುದನ್ನು ಕೈ ಎಷ್ಟೆಂದು ತಿದ್ದೀತು? ಹಾಲು, ಪಡಸಾಲೆಯ ಕೆಲಸ ಬೇರೆಯವರ ಪಾಲಾಯಿತು. ಇವನಿಗೆ ಬಚ್ಚಲುಮನೆ, ಮೆಟ್ಟಿಲ ಕೆಳಗಿನ ಮೂಲೆ, ಕಾರು ನಿಲ್ಲಿಸುವ ಜಾಗ ಉಳಿದವು. ಕಡೆಗೊಂದು ದಿನ ಬಚ್ಚಲಿನ ನೀರು ಹರಿಯುವ ಇಳಿಜಾರೇ ಉಲ್ಟಾ ಆಯಿತು. ಮನೆಯವರು ಬೇರೆ ಮೇಸ್ತ್ರಿಯನ್ನು ಕರೆಸಿದರು. ಅವತ್ತು ಹೆಂಡತಿ ತಮ್ಮನ ಮಾತು ಕೇಳಲಿಲ್ಲ.

“ಸುಟ್ರೆ ಸುಡಲಿ. ನಡೀರಿ,” ಎಂದಳು.

ಸುಡಲಿಲ್ಲ. ಇಷ್ಟು ದಿನ ಹೆದರಿದ್ದಕ್ಕೆ ನಾಚಿಕೆಯಾಗುವಷ್ಟು ಸುಲಭವಾಗಿ ಮುಗಿಯಿತು. ಹಸಿರುಗಪ್ಪು ಮದ್ದು ಮೆಲ್ಲಗೆ ಕೈಗೆ ಏರಿತು. ಸೊಂಟದಲ್ಲಿ ಸ್ವಲ್ಪ ಹಿಡಿದಂತಾಯಿತು, ಬಿಟ್ಟಿತು. ಕಣ್ಣಿಗೊಂದು ಗಾಜು ಇಟ್ಟು ಕೆಂಪು ಬೆಳಕು ಬಿಟ್ಟರು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. “ಮುಗೀತಾ?” ಎಂದು ಮೇಸ್ತ್ರಿ ಎರಡು ಸಲ ಕೇಳಿದ. ಕೆಲವು ದಿನ ಬಿಸಿಲು ಬೇಡ, ಕಣ್ಣಿಗೆ ಕುಕ್ಕುವ ದೀಪ ಬೇಡ, ಮನೆಯೊಳಗಿನ ಸಾಧಾರಣ ಬೆಳಕು ಇರಲೇಬೇಕು, ಅದರಿಂದಲೇ ಮದ್ದು ಬೇಗ ಕಳೆಯುವುದು, ಕತ್ತಲಲ್ಲಿ ಕೂರಿಸಬೇಡಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು.

ಬೀದಿಯಲ್ಲಿ ಕಾದು ನಿಂತಿದ್ದ ತಮ್ಮ ಅದನ್ನು ಕೇಳಿ, “ಅವರು ಹೇಳೋದು ಹೇಳ್ತಾರೆ. ನಾವು ಹುಷಾರಾಗಿರೋಣ,” ಎಂದ. ಕಿಟಕಿಗೆ ಕಂಬಳಿ ಹೊದಿಸಿ, ಬಾಗಿಲ ಸಂದಿಗೆ ಹಳೆ ಬಟ್ಟೆ ತುರುಕಿ, ಬಲ್ಬು ಬಿಚ್ಚಿಟ್ಟರು. ಕೈ ಹಿಡಿದರೆ ಕೈ ಕಾಣದ ಕತ್ತಲು. ಮೇಸ್ತ್ರಿ ಎರಡು ವಾರ ಅದರಲ್ಲಿ ಕೂತ. ಹೆಂಡತಿ ಹೋಟೆಲಿಗೆ ರಜೆ ಹಾಕಿ ಅವನ ಜೊತೆ ಕೂತಳು. ಊಟವನ್ನು ಬಾಯಿಗೆ ದಾರಿ ಹುಡುಕಿ ತಿನ್ನಬೇಕಿತ್ತು, ಅದಕ್ಕೆ ಇಬ್ಬರೂ ನಕ್ಕರು ಕೂಡ. ಬಹಳ ವರ್ಷಕ್ಕೆ ಒಬ್ಬರಿಗೊಬ್ಬರು ಅಷ್ಟು ಮಾತಾಡಿದರು. ಗೆರೆ ನೇರವಾದ ಮೇಲೆ ಟೀಚರಮ್ಮನ ಹಾಲಿನ ನೆಲವನ್ನು ಕಿತ್ತು ಪುಕ್ಕಟೆ ಹಾಕಿಕೊಡುತ್ತೇನೆ ಎಂದು ಅವನು ಮತ್ತೆಮತ್ತೆ ಹೇಳುತ್ತಿದ್ದ. ಅವಳಿಗೆ ಆ ಮಾತು ಕೇಳಿದಾಗಲೆಲ್ಲ ಅಳು ಬರುತ್ತಿತ್ತು, ಕತ್ತಲಾದ್ದರಿಂದ ಅಳಬಹುದಿತ್ತು. ಸಂಜೆಯಾದದ್ದನ್ನು ಬೀದಿಯ ಸದ್ದಿನಿಂದ ತಿಳಿದು, ಅವನ ಅಂಗೈಯನ್ನು ತಡಕಿ ಹುಡುಕಿ, ಅದರ ನಡುವೆ ಗುಳಿಗೆ ಇಟ್ಟು ಬೆರಳು ಮಡಚುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ನೀರು ಇಳಿಯಿತು. ಡಾಕ್ಟರಮ್ಮ ಚಿತ್ರ ತೋರಿಸಿ ಸಂತೋಷಪಟ್ಟಳು. ಆಮೇಲಿನ ಭೇಟಿಯಲ್ಲಿ ತೆಗೆದ ಚಿತ್ರದಲ್ಲಿ ಮತ್ತೆ ಉಬ್ಬು ಕಂಡಿತು. ಅದರ ಮುಂದಿನ ಸಲ ಇನ್ನೂ ದೊಡ್ಡದು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, “ಔಷಧಿ ಏನೂ ತಗೊಳ್ತಿಲ್ಲ ತಾನೆ?” ಎಂದು ಮತ್ತೆ ಕೇಳಿದಳು. ಇಲ್ಲ, ಏನೂ ಇಲ್ಲ.

ಗುಟ್ಟು ರಟ್ಟಾದದ್ದು ಹೆಂಡತಿಯ ಅಚ್ಚುಕಟ್ಟುತನದಿಂದ. ಆ ದಿನ ಆಸ್ಪತ್ರೆಯಲ್ಲಿ ಸಂಜೆಯಾಗಿಬಿಟ್ಟಿತು. ಹೊರಗಿನ ಬೆಂಚಿನಲ್ಲಿ ಕೂತು ಅವಳು ಚೀಲದಿಂದ ಪೊಟ್ಟಣ ತೆಗೆದು, ಗುಳಿಗೆಯನ್ನು ಗಂಡನ ಅಂಗೈಗೆ ಹಾಕಿ, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಡಾಕ್ಟರಮ್ಮ ಮನೆಗೆ ಹೊರಟವಳು ಹಾದುಹೋಗುತ್ತಾ ನಿಂತಳು.

“ಅದೇನದು?”

“ಏನಿಲ್ಲ ಡಾಕ್ಟ್ರೇ. ಮಂಡಿ ಗುಳಿಗೆ.”

ಡಾಕ್ಟರಮ್ಮ ಅದನ್ನು ಅವನ ಅಂಗೈಯಿಂದಲೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅವನ ದುಂಡು ಮುಖ ನೋಡಿದಳು. “ಎಷ್ಟು ದಿನದಿಂದ?”

“ಎಷ್ಟು ದಿನ? ಐದಾರು ವರ್ಷ ಆಯ್ತೇನೋ.”

“ಔಷಧಿ ತಗೊಳ್ತೀರಾ ಅಂತ ಪ್ರತಿ ಸಲ ಕೇಳಿದೀನಲ್ಲಮ್ಮ!”

“ಔಷಧಿ ಅಲ್ಲವಲ್ಲ ಇದು. ಮಂಡಿಗೆ…” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಎದುರಿಗಿದ್ದವಳ ಮುಖ ನೋಡಿ ಬಾಟಲಿಯ ಮುಚ್ಚಳವನ್ನು ಮತ್ತೆ ಬಿಗಿದಳು.

ಡಾಕ್ಟರಮ್ಮ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತಳು. “ಇದು ಸ್ಟೀರಾಯ್ಡ್. ಮುಖ ಹೀಗೆ ದುಂಡಗಾಗೋದೂ ಇದರಿಂದಲೇ. ಕಣ್ಣಿನ ಪರದೆ ಕೆಳಗೆ ನೀರು ಸೋರೋದನ್ನ ಇದು ಹೆಚ್ಚು ಮಾಡುತ್ತೆ. ಇದೊಂದೇ ಕಾರಣ ಅಂತ ನೂರಕ್ಕೆ ನೂರು ಹೇಳಲಾರೆ. ಆದ್ರೆ ಇದು ಒಳಗೆ ಹೋಗ್ತಾ ಇದ್ರೆ ನಾನು ಹೊರಗಿಂದ ಎಷ್ಟು ಬೆಳಕು ಬಿಟ್ರೂ ಪ್ರಯೋಜನ ಇಲ್ಲ. ಇನ್ನೊಂದು ಕಣ್ಣಿಗೂ ಬರಬಹುದು.” ಗುಳಿಗೆಯನ್ನು ಪೊಟ್ಟಣಕ್ಕೆ ವಾಪಸ್ ಹಾಕುತ್ತಾ, “ನಾನೂ ಮಂಡಿ ಬಗ್ಗೆ ಕೇಳಬೇಕಿತ್ತು,” ಎಂದಳು. ಗುಳಿಗೆಯನ್ನು ಒಂದೇ ಏಟಿಗೆ ಬಿಡುವುದೂ ಅಪಾಯ, ಇಂತಿಂಥ ಡಾಕ್ಟರ ಹತ್ತಿರ ಹೋಗಿ ಕಮ್ಮಿ ಮಾಡುತ್ತಾ ಬನ್ನಿ ಎಂದು ಬರೆದುಕೊಟ್ಟಳು.

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ಬಸ್ಸಿಳಿದ ಕೂಡಲೇ ಅವಳು ಗಂಡನನ್ನು ಮನೆಗೆ ಕಳಿಸಿ, ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಪೊಟ್ಟಣವನ್ನು ತಮ್ಮನ ಮುಖಕ್ಕೆ ಎಸೆದಳು.

“ಏನೂ ಆಗಲ್ಲ ಅಂದ್ಯಲ್ಲೋ! ಎಷ್ಟು ಸಲ ಅಂದೆ? ಬಾಯಿ ಬಿಡು!”

“ಅಕ್ಕ, ಎಲ್ಲರಿಗೂ ಕೊಡ್ತೀನಿ, ಯಾರಿಗೂ ಏನೂ ಆಗಿಲ್ಲ. ಡಾಕ್ಟರು ಕೇಳಿದಾಗ ನೀನೇ ಹೇಳಬೇಕಿತ್ತು. ಕೈಯಾರೆ ದಿನಾ ಕೊಟ್ಟಿದ್ದು ನೀನು, ನಾನಲ್ಲ.”

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವಳಿಗೆ ತಡೆಯಲಾಗಲಿಲ್ಲ. “ಇವತ್ತಿಗೆ ನೀನು ನನ್ನ ಪಾಲಿಗೆ ಸತ್ತೆ,” ಎಂದಳು. ಸೊಂಟದ ಮೇಲೆ ಹೊತ್ತು ಬೆಳೆಸಿದವನಿಗೆ ಆ ಮಾತು ಹೇಳಿ, ಮನೆಗೆ ಬಂದು, ಒಲೆ ಹಚ್ಚದೆ ಕೂತಳು. ಅಲ್ಲಿಂದ ಮುಂದೆ ಆ ಮೂಲೆ ಬಳಸದೆ, ಹಿಂದಿನ ಗಲ್ಲಿಯಿಂದ ಕೆಲಸಕ್ಕೆ ಹೋಗತೊಡಗಿದಳು.

ಗುಳಿಗೆ ಮೆಲ್ಲಮೆಲ್ಲನೆ ನಿಂತಿತು, ಮುಖದ ದುಂಡೂ ಇಳಿಯಿತು. ಇನ್ನೊಮ್ಮೆ ಬೆಳಕು ಬಿಟ್ಟರು. ಈ ಸಲ ಕಿಟಕಿಗೆ ಕಂಬಳಿಯಿಲ್ಲ, ದೀಪ ಉರಿಯುತ್ತಿತ್ತು, ಏನೂ ತೊಂದರೆಯಾಗಲಿಲ್ಲ. ನೀರು ಪೂರ್ತಿ ಆರಿತು, ಮತ್ತೆ ಬರಲಿಲ್ಲ. ಆದರೆ ವರ್ಷಗಟ್ಟಲೆ ನೀರಿನಲ್ಲಿ ನೆನೆದದ್ದು ಕೊಳೆತುಹೋಗಿತ್ತು. ಬಲಗಣ್ಣಿನ ನಡುವಿನ ಕಲೆ ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ಉಳಿಯಿತು. ಗೆರೆ ಬಾಗಿಯೇ ಉಳಿಯಿತು. ಸ್ವಲ್ಪ ಮುಂಚೆ ಬಂದಿದ್ದರೆ, ಎಂದು ಡಾಕ್ಟರಮ್ಮ ಶುರುಮಾಡಿ ಮಾತು ನುಂಗಿದಳು. ಎಡಗಣ್ಣು ಚೊಕ್ಕವಾಗಿದೆ, ಅದನ್ನು ಕಾಪಾಡಿಕೊಳ್ಳಿ ಎಂದಳು.

ಮೇಸ್ತ್ರಿ ಎದೆಗುಂದಲಿಲ್ಲ. ಅಡುಗೆಮನೆಯ ನೆಲದ ಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಗೆರೆ ನೋಡುವುದನ್ನು ಅಭ್ಯಾಸ ಮಾಡಿದ. ಎಡಗೈಯಲ್ಲಿ ಬರೆಯಲು ಕಲಿತ ಹಾಗೆ, ಮೊದಲು ತಪ್ಪಿತು, ಬರುಬರುತ್ತಾ ಹಿಡಿತಕ್ಕೆ ಬಂತು. ಹೆಂಡತಿ ನೂಲು ಹಿಡಿದು ಪರೀಕ್ಷೆ ಮಾಡಿ, “ಸರಿಯಾಗಿದೆ ರೀ!” ಎಂದು ಕೂಗಿದ ದಿನ ಇಬ್ಬರಿಗೂ ಮನೆ ದೊಡ್ಡದಾದಂತೆ ಅನಿಸಿತು. ಆದರೆ ನೋಡಲಿಕ್ಕೆ ಕೆಳಗೆ ಬಗ್ಗಿದವನಿಗೆ ಏಳಲಾಗಲಿಲ್ಲ. ಗುಳಿಗೆ ಅಡಗಿಸಿಟ್ಟಿದ್ದ ನೋವೆಲ್ಲ ಬಡ್ಡಿಸಮೇತ ಮಂಡಿಗೆ ಇಳಿದಿತ್ತು. ಅವಳು ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು. ಆ ಕುರ್ಚಿಯಲ್ಲೇ ಅವನ ಬೇಸಿಗೆ ಮಳೆ ಎರಡೂ ಕಳೆದವು. ಬೇರೆ ನೋವಿನ ಮಾತ್ರೆ, ಎಣ್ಣೆ, ಕಟ್ಟುಪಟ್ಟಿ ಎಲ್ಲ ನೋಡಿದರು. ಎದ್ದು ನಡೆಯಲು ಸಾಕಾಗುತ್ತಿತ್ತು, ಮಂಡಿಯೂರಲು ಆಗುತ್ತಿರಲಿಲ್ಲ. ಯಾರೋ ಟೈಲ್ಸ್ ಅಂಗಡಿಯಲ್ಲಿ ಕೂತು ಗಿರಾಕಿ ನೋಡಿಕೊಳ್ಳುವ ಕೆಲಸ ಹೇಳಿದರು. ಒಂದು ವಾರ ಹೋಗಿ ಬಿಟ್ಟುಬಿಟ್ಟ.

ಒಂದು ಸಂಜೆ ಅವಳು ಹೋಟೆಲಿನ ಬಿಸಿಯಲ್ಲಿ ಬೆಂದು ಬಂದಾಗ ಅವನು ಬೀದಿ ನೋಡುತ್ತಾ ಕೂತಿದ್ದ. “ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು,” ಎಂದು ಅವಳ ಚುರುಕು ನಾಲಿಗೆ ಅಂದುಬಿಟ್ಟಿತು. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅವನು ಚಹಾ ಕುಡಿದು ಲೋಟ ತೊಳೆದಿಟ್ಟ.

ಅದಾದ ಕೆಲವು ದಿನಕ್ಕೆ ಅವನು ಕೆಲಸ ಒಪ್ಪಿಕೊಂಡ. ದೊಡ್ಡ ಕಚೇರಿಯೊಂದರ ಒಳಾಂಗಣ; ತಾನು ನಿಂತು ಹೇಳುವುದು, ಬೇರೆಯವರು ಕೂತು ಹಾಕುವುದು ಎಂದ. ಅವಳಿಗೆ ಜೀವ ಬಂದಂತಾಯಿತು. ಬೆಳಿಗ್ಗೆ ಲವಲವಿಕೆಯಿಂದ ಹೊರಡುತ್ತಿದ್ದ, ರಾತ್ರಿ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ನಾಲ್ಕು ಜನರ ನಡುವೆ ಓಡಾಡಿದರೆ ಹಸಿವು ತಾನಾಗೇ ಬರುತ್ತದೆ ಎಂದುಕೊಂಡಳು.

ಒಂದು ದಿನ ಅವನು ಊಟದ ಡಬ್ಬಿ ಮರೆತುಹೋದ. ಅವಳಿಗೆ ಅವತ್ತು ವಾರದ ರಜೆ. ಡಬ್ಬಿ ಹಿಡಿದುಕೊಂಡು, ದಾರಿ ಕೇಳುತ್ತಾ, ಆ ಕಟ್ಟಡ ಹುಡುಕಿ ಮೇಲಿನ ಅಂತಸ್ತಿಗೆ ಹತ್ತಿದಳು. ಉದ್ದನೆಯ ಹಾಲು. ಆ ಬದಿಯ ಕಿಟಕಿಯವರೆಗೂ ಬಿಳಿ ಟೈಲ್ಸ್, ಒಂದು ಸಂದಿಯೂ ಹೆಚ್ಚುಕಡಿಮೆ ಇಲ್ಲದೆ ಹಾಸಿಕೊಂಡಿತ್ತು. ನಡುವೆ ಅವಳ ಗಂಡ ಮಂಡಿಯೂರಿ ಕೂತಿದ್ದ. ಕೂತಲ್ಲಿಂದ ಮಂಡಿಯಲ್ಲೇ ಸರಸರನೆ ಆಚೆ ಸರಿದ, ಬಗ್ಗಿ ಕೆನ್ನೆ ನೆಲಕ್ಕೆ ಹಚ್ಚಿದ, ಎದ್ದು ನಿಂತ, ಮತ್ತೆ ಕೂತ. ಗೋಡೆ ಹಿಡಿಯಲಿಲ್ಲ, ಯಾರ ಕೈಯನ್ನೂ ಕೇಳಲಿಲ್ಲ. ಕಲಸುವ ಆಳು ಅವಳನ್ನು ಕಂಡು ಖುಷಿಯಿಂದ ಹತ್ತಿರ ಬಂದ.

“ನೋಡಿದ್ರಾ ಅಕ್ಕಾ? ಹುಡುಗರೂ ಹೀಗೆ ಕೂರಲ್ಲ. ನಮ್ಮ ಮೇಸ್ತ್ರಿ ವಾಪಸ್ ಬಂದ್ರು!”

ಅಲ್ಲಿದ್ದವರೆಲ್ಲ ನಗುತ್ತಿದ್ದರು. ಅವಳೊಬ್ಬಳಿಗೆ ಅರ್ಥವಾಗಿತ್ತು. ಗಂಡನ ಮುಖ ಮತ್ತೆ ದುಂಡಗಾಗುತ್ತಿರುವುದನ್ನು ದಿನಾ ಎದುರು ಕೂತು ಬಡಿಸುತ್ತಾ ನೋಡಿದ್ದಳು, ನೋಡಿ ಹಿಗ್ಗಿದ್ದಳು. ಅವನು ಅವಳನ್ನು ಕಂಡು ಕರಣೆ ಕೆಳಗಿಟ್ಟ. ಕಂಬದ ಮರೆಗೆ ಬಂದು ನಿಂತರೂ ಅವಳ ಕಣ್ಣನ್ನು ನೋಡಲಿಲ್ಲ.

“ಗುಳಿಗೆ ಎಲ್ಲಿ ಸಿಕ್ತು?” ಎಂದಳು.

“ನಿನ್ನ ತಮ್ಮನ ಹತ್ರ. ಪಾಪ, ಅವನು ಕೊಡಲ್ಲ ಅಂತ ಅತ್ತ. ನಾನೇ ಕಾಲು ಹಿಡ್ದೆ.”

ಅವಳಿಗೆ ಕೂಗಬೇಕೆನಿಸಿತು, ಹೊಡೆಯಬೇಕೆನಿಸಿತು. ಇವನಿಗಾಗಿ ತಮ್ಮನನ್ನು ಸತ್ತ ಅಂದವಳು ಅವಳು. ಆದರೆ “ಡಾಕ್ಟರಮ್ಮ ಏನಂದಿದ್ರು ನೆನಪಿದೆಯಾ?” ಎಂದಷ್ಟೇ ಕೇಳಿದಳು.

“ನೆನಪಿದೆ ಕಣೆ. ಎಲ್ಲ ಗೊತ್ತಿದ್ದೇ ತಗೊಳ್ತಿದ್ದೀನಿ.” ಅವನು ಡಬ್ಬಿ ತೆಗೆದುಕೊಳ್ಳಲು ಕೈ ಚಾಚಿದ. “ಇನ್ನೂ ಒಂದು ಕಣ್ಣಿದೆಯಲ್ಲ. ಅದು ಹೋಗೋವರೆಗೂ ನೆಲ ಹಾಕ್ತೀನಿ.”